ಅರವತ್ನಾಲ್ಕು ಚುಕ್ಕಿ

ಸಲೋಮಿಯ ಕಣ್ಣು ಎರಡನೇ ಸಲ ಹೋದದ್ದು ಒಂದು ಭಾನುವಾರ ಬೆಳಿಗ್ಗೆ, ಅವಳು ಚರ್ಚಿಗೆ ಹೊರಡುವುದಕ್ಕೆ ಅರ್ಧ ಗಂಟೆ ಮುಂಚೆ. ಮೊದಲನೇ ಸಲ ಹೋದಾಗ ಅವಳಿಗೆ ಒಂಬತ್ತು ವರ್ಷ. ದಡಾರ ಬಂದು, ಜ್ವರ ನೆತ್ತಿಗೇರಿ, ಇಳಿಯುವಾಗ ಎರಡು ಕಣ್ಣನ್ನೂ ತೆಗೆದುಕೊಂಡೇ ಇಳಿದಿತ್ತು. ಈಗ ಅರವತ್ತಾರು. ಈ ಸಲ ಜ್ವರವಿಲ್ಲ, ನೋವಿಲ್ಲ. ಕಿಟಕಿಯ ಪಕ್ಕದ ಮೇಜಿನ ಮೇಲಿದ್ದ ಹಳೆಯ ಕಂಪ್ಯೂಟರು ಒಮ್ಮೆ ಟಿಕ್ ಎಂದಿತು, ಅಷ್ಟೆ.

ಅವಳು ಇಂದುಧರನಿಗೆ ಫೋನು ಮಾಡಿದಳು.

"ಇಂದುಧರ್, ನನ್ನ ಬೀದಿ ಹೋಯ್ತು."

ಇಂದುಧರ ಹಲ್ಲುಜ್ಜುತ್ತಿದ್ದವನು ಹಾಗೇ ಬಾಯಿ ತೊಳೆದುಕೊಂಡು, ಮಲ್ಟಿಮೀಟರು, ಸ್ಕ್ರೂಡ್ರೈವರು, ಬೆಸುಗೆ ಕಡ್ಡಿ ಇದ್ದ ಚೀಲವನ್ನು ಹೆಗಲಿಗೇರಿಸಿ ಬನ್ನಿಮಂಟಪದ ಕಡೆ ಆಟೋ ಹತ್ತಿದ. ಅವನಿಗೆ ಅರವತ್ತೊಂಬತ್ತು. ಆದರೆ ಆ ಯಂತ್ರದ ವಿಷಯಕ್ಕೆ ಕರೆಯಲು ಅವಳಿಗಾಗಲಿ, ಓಡಿಬರಲು ಅವನ ಬದಲಿಗಾಗಲಿ ಭೂಮಿಯ ಮೇಲೆ ಇನ್ನೊಬ್ಬರಿರಲಿಲ್ಲ.

ನಲವತ್ಮೂರು ವರ್ಷಗಳ ಹಿಂದೆ ಮೈಸೂರಿನ ಒಂದು ಸಣ್ಣ ಸಂಶೋಧನಾಲಯದಲ್ಲಿ ಡಾಕ್ಟರ್ ವಾಸಂತಿ ಕಾಮತ್ ಎಂಬಾಕೆ ಒಂದು ಸಾಹಸಕ್ಕೆ ಕೈಹಾಕಿದ್ದರು. ಕಣ್ಣು ಹಾಳಾದರೂ ಮಿದುಳಿನ ಹಿಂಭಾಗದಲ್ಲಿ ನೋಟವನ್ನು ಗ್ರಹಿಸುವ ಜಾಗ ಹಾಳಾಗಿರುವುದಿಲ್ಲ. ಅಲ್ಲಿ ಸಣ್ಣದಾಗಿ ವಿದ್ಯುತ್ತು ಮಿಡಿದರೆ ಕುರುಡರಿಗೂ ಕತ್ತಲಲ್ಲಿ ಒಂದು ಕಿಡಿ ಕಾಣುತ್ತದೆ. ಹೆಬ್ಬೆರಳ ಉಗುರಿನಷ್ಟು ಅಗಲದ ಫಲಕವೊಂದರಲ್ಲಿ ಅರವತ್ನಾಲ್ಕು ಪ್ಲಾಟಿನಂ ಮೊನೆಗಳನ್ನು ಜೋಡಿಸಿ, ಅದನ್ನು ಮಿದುಳಿನ ಮೇಲೆ ಕೂರಿಸಿ, ತಂತಿಗಳನ್ನು ಕಿವಿಯ ಹಿಂದಿನ ಒಂದು ಗುಂಡಿಗೆ ತಂದು ಬಿಟ್ಟರೆ? ಕಿಟಕಿಯಲ್ಲಿ ಒಂದು ಕ್ಯಾಮೆರಾ ಇಟ್ಟು, ಅದು ಕಂಡದ್ದನ್ನು ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿಗಳಾಗಿ ಒಡೆದು ತಲೆಯೊಳಗೆ ಕಳಿಸಿದರೆ? ಕಾಮತರ ಪ್ರಶ್ನೆ ಇಷ್ಟೇ ಆಗಿತ್ತು.

ಅದಕ್ಕೆ ಅವರು ಆರಿಸಿಕೊಂಡ ಕಂಪ್ಯೂಟರು 'ಚಕೋರ'. ಟೀವಿಗೆ ಸಿಕ್ಕಿಸಿ ಮಕ್ಕಳು ಆಟವಾಡಲಿ, ಲೆಕ್ಕ ಕಲಿಯಲಿ ಎಂದು ಬೆಂಗಳೂರಿನ ಒಂದು ಕಂಪನಿ ಮಾಡಿ, ಎರಡೇ ವರ್ಷದಲ್ಲಿ ಬಾಗಿಲು ಹಾಕಿಕೊಂಡ ಬೂದು ಬಣ್ಣದ ಪೆಟ್ಟಿಗೆ. ಅದರೊಳಗೆ ಹೊಸದಾಗಿ ಸೇರಿಸಿದ್ದು ಒಂದು ಚಿಪ್ ಮಾತ್ರ. ಯಾವ ಮೊನೆಗೆ ಯಾವ ಕ್ಷಣ ಎಷ್ಟು ಮಿಡಿತ ಹೋಗಬೇಕು ಎಂದು ತೀರ್ಮಾನಿಸುವ ಆ ಚಿಪ್ಪನ್ನು ಕಾಮತರೇ ಹಗಲೂ ಇರುಳೂ ಕೂತು ರೂಪಿಸಿ ಎಂಟೇ ಎಂಟು ಮಾಡಿಸಿದ್ದರು. ನಾಲ್ಕು ಜನ ರೋಗಿಗಳು, ನಾಲ್ಕು ಯಂತ್ರ, ನಾಲ್ಕು ಹೆಚ್ಚುವರಿ.

ಇಂದುಧರ ಆಗ ಅಲ್ಲಿ ಉಪಕರಣಗಳ ತಂತ್ರಜ್ಞ. ಸಲೋಮಿಯ ತಲೆಯೊಳಗಿನ ಕಿಡಿಗಳ ನಕ್ಷೆ ಬರೆದವನು ಅವನೇ. ಮೊನೆಗಳು ಸಾಲಾಗಿದ್ದರೂ ಕಿಡಿಗಳು ಸಾಲಾಗಿ ಬೀಳುವುದಿಲ್ಲ; ಒಂದೊಂದು ತಲೆಯಲ್ಲಿ ಒಂದೊಂದು ರೀತಿ. ಒಂದು ಮೊನೆಯನ್ನು ಮಿಡಿಸುವುದು, ಅವಳು ಗೋಡೆಯತ್ತ ಬೆರಳು ಚಾಚಿ "ಇಲ್ಲಿ" ಎನ್ನುವುದು, ಅವನು ಗುರುತು ಹಾಕುವುದು. ಏಳು ತಿಂಗಳು ಹೀಗೇ. ಕೊನೆಗೊಂದು ದಿನ ಅವಳ ತಾಯಿಯನ್ನು ಕ್ಯಾಮೆರಾದ ಮುಂದೆ ಕೂರಿಸಿದಾಗ ಸಲೋಮಿ, "ಅಮ್ಮ, ನೀನು ಈಗ ನಕ್ಕೆಯಾ? ಕೆಳಗೆ ಒಂದು ಚುಕ್ಕಿ ಹೊತ್ತಿಕೊಂಡಿತು" ಅಂದಿದ್ದಳು. ತಾಯಿಯ ಹಲ್ಲಿನ ಬಿಳುಪು ಅದು. ಆ ಕೋಣೆಯಲ್ಲಿ ಅವತ್ತು ಅಳದಿದ್ದವರು ಯಾರೂ ಇಲ್ಲ.

ಆಮೇಲೆ ಎಲ್ಲ ಮುರಿದುಬಿತ್ತು. ಮೂರನೆಯ ರೋಗಿಯ ಯಂತ್ರಕ್ಕೆ ಬೇರೆ ಬಗೆಯ ಚಿಪ್ ಹಾಕಿ ನೋಡಿದಾಗ ಮಿಡಿತ ತಪ್ಪಿ, ಅವನಿಗೆ ಮೂರ್ಛೆ ಬಂದು, ಬಿದ್ದವನು ಏಳಲಿಲ್ಲ. ವಿಚಾರಣೆ ನಡೆದು ಯೋಜನೆ ನಿಂತಿತು. ಕಾಮತರು ಕಾಗದಪತ್ರಗಳನ್ನೆಲ್ಲ ಒಪ್ಪಿಸಿ ಮನೆಗೆ ಹೋದರು. ಆ ಕಾಗದಗಳು ಎಲ್ಲೋ ಗೆದ್ದಲಿಗೆ ಆಹಾರವಾದವು. ಕೆಲವು ವರ್ಷಗಳಲ್ಲಿ ಅವರೂ ತೀರಿಕೊಂಡರು. ಉಳಿದವರ ಯಂತ್ರಗಳನ್ನು ಯಾರೂ ಕೇಳಲಿಲ್ಲ. ಇಂದುಧರ ತಿಂಗಳಿಗೊಮ್ಮೆ ಸಲೋಮಿಯ ಮನೆಗೆ ಹೋಗಿ ಧೂಳು ಒರೆಸಿ, ಸಡಿಲವಾದದ್ದನ್ನು ಬಿಗಿಮಾಡಿ, ಸುಟ್ಟದ್ದನ್ನು ಬದಲಿಸಿ ಬರುತ್ತಿದ್ದ. ಹೆಚ್ಚುವರಿ ಚಿಪ್‌ಗಳು ಒಂದೊಂದಾಗಿ ಮುಗಿದಿದ್ದವು.

ಈಗ ಕೊನೆಯದೂ ಹೋಗಿತ್ತು. ಯಂತ್ರದ ಮುಚ್ಚಳ ತೆಗೆದು ಮೂಸಿದಾಗಲೇ ಅವನಿಗೆ ತಿಳಿಯಿತು. ಆದರೂ ಅರ್ಧ ಗಂಟೆ ಅಲ್ಲಿ ಇಲ್ಲಿ ಮುಟ್ಟಿ ನೋಡಿದ.

"ಹೇಳ್ಬಿಡಿ," ಅಂದಳು ಸಲೋಮಿ. ಅವಳ ಬೆರಳುಗಳು ಮಾತ್ರ ತಮ್ಮ ಪಾಡಿಗೆ ಕುರ್ಚಿಗೆ ಬೆತ್ತ ಹೆಣೆಯುತ್ತಿದ್ದವು. ಅಂಧ ಮಕ್ಕಳಿಗೆ ಬೆತ್ತದ ಕೆಲಸ ಕಲಿಸಿ ನಿವೃತ್ತಳಾದವಳು. ಮನೆಯಲ್ಲಿ ಇನ್ನೂ ಆ ಕೆಲಸ ಬಿಟ್ಟಿರಲಿಲ್ಲ.

"ಮಿಡಿತದ ಚಿಪ್ಪು ಸಲೋಮಿ."

"ಹೊಸದು?"

"ಹುಡುಕ್ತೀನಿ."

"ನಂಗೇನು, ಕೆಲಸ ನಿಲ್ಲಲ್ಲ. ಅಡುಗೆ ಮಾಡ್ಕೋತೀನಿ, ಅಂಗಡಿಗೆ ಹೋಗಿ ಬರ್ತೀನಿ. ಆ ಚುಕ್ಕಿಗಳಿಂದ ನಂಗೆ ಒಂದು ತೊಟ್ಟು ಉಪಯೋಗ ಇಲ್ಲ, ನಿಮಗೂ ಗೊತ್ತು." ಬೆತ್ತದ ಎಳೆಯೊಂದನ್ನು ಎಳೆದು ಬಿಗಿಮಾಡಿದಳು. "ಆದ್ರೂ ಬೇಗ ಹುಡುಕಿ."

* * *

ಇಂದುಧರ ಸುಟ್ಟ ಚಿಪ್ಪನ್ನು ಹತ್ತಿಯಲ್ಲಿ ಸುತ್ತಿಕೊಂಡು ತನ್ನ ಹಳೆಯ ಸಂಶೋಧನಾಲಯಕ್ಕೆ ಹೋದ. ಈಗ ಅಲ್ಲಿ ಮುಖ್ಯಸ್ಥೆಯಾಗಿದ್ದ ಡಾಕ್ಟರ್ ನಫೀಸಾಗೆ ನಲವತ್ತು ದಾಟಿರಲಿಲ್ಲ. ಅವಳು ಅವನನ್ನು 'ಮೇಷ್ಟ್ರೇ' ಎಂದು ಕರೆಯುತ್ತಿದ್ದಳು. ಚಿಪ್ಪನ್ನು ಎಕ್ಸ್-ರೇ ಹಿಡಿದು ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದಳು. ಕೂದಲಿಗಿಂತ ತೆಳ್ಳಗಿನ ದಾರಿಗಳ ನಡುವೆ ಒಂದು ಕಡೆ ಬೂದಿ ಬಣ್ಣದ ಕಲೆ.

"ಇದು ತೀರ್ಕೊಂಡಿದೆ ಮೇಷ್ಟ್ರೇ."

"ಈಗಿನ ಕಾಲದ್ದು ಏನಾದ್ರೂ ಕೂರಿಸೋಕೆ ಆಗಲ್ವಾ ಅಮ್ಮ? ನೀವು ಈಗ ಸಾವಿರ ಚುಕ್ಕಿ ಕಾಣೋ ಫಲಕ ಮಾಡ್ತಿದ್ದೀರಲ್ಲ."

"ಅದನ್ನ ಹಾಕೋದು ಗಾಯ ಆಗದೇ ಇರೋ ಮಿದುಳಿಗೆ. ಅವರದು ನಲವತ್ತು ವರ್ಷದ ಹಳೇ ಗಾಯ, ಮುಟ್ಟಿದ್ರೆ ಜೀವಕ್ಕೇ ಅಪಾಯ. ಇನ್ನು ಈ ಚಿಪ್ಪಿನ ಥರಾನೇ ಮಿಡಿಯೋ ಹೊಸದನ್ನ ನಾನು ಮಾಡಬಲ್ಲೆ ಅಂತಿಟ್ಕೊಳ್ಳಿ. ಸರಿಯಾಗಿ ಮಾಡಿದೀನಿ ಅಂತ ಯಾರ ತಲೆ ಮೇಲೆ ಪರೀಕ್ಷೆ ಮಾಡ್ಲಿ? ಅವರ ತಲೆ ಮೇಲೇನಾ? ಮೂರನೆಯವರಿಗೆ ಏನಾಯ್ತು ಅಂತ ನಿಮಗೆ ನೆನಪಿಲ್ವಾ?"

ಅವನಿಗೆ ನೆನಪಿತ್ತು. ಬಿದ್ದವನ ಕಾಲುಗಳನ್ನು ಹಿಡಿದುಕೊಂಡಿದ್ದವನು ಅವನೇ.

"ಅದೇ ಚಿಪ್ಪು ಇನ್ನೊಂದು ಸಿಕ್ಕರೆ ತನ್ನಿ. ಪರೀಕ್ಷೆ ಮಾಡಿ ಕೊಡ್ತೀನಿ. ನನ್ನ ಕೈಲಾಗೋದು ಅಷ್ಟೇ," ಅಂದಳು ನಫೀಸಾ.

ಮೂರು ತಿಂಗಳು ಅವನು ಅಲೆದ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಹತ್ತಿಳಿದ. ಹಳೆಯ ಅಂಗಡಿಯವರ ಮಕ್ಕಳು ಈಗ ಗಲ್ಲಾದ ಮೇಲಿದ್ದರು. 'ಚಕೋರ' ಎಂದರೆ ಹಕ್ಕಿಯಾ ಎಂದು ಕೇಳಿದರು. ಗುಜರಿ ಶೆಡ್ಡುಗಳಲ್ಲಿ ಹಸಿರು ಬೋರ್ಡುಗಳ ಗುಡ್ಡದ ಮುಂದೆ ಕುಕ್ಕರುಗಾಲಲ್ಲಿ ಕೂತು ದಿನವಿಡೀ ಕೆದಕಿದ. ಅಲ್ಲಿನ ಹೆಂಗಸರು ಬೋರ್ಡುಗಳನ್ನು ಬಾಣಲೆಯಲ್ಲಿ ಕಾಯಿಸಿ ಬಿಡಿಭಾಗಗಳನ್ನು ಉದುರಿಸುತ್ತಿದ್ದರು. ಅಲ್ಲೊಂದು ಚಕೋರ ಸಿಕ್ಕಿತು ಕೂಡ! ಅಲ್ಲೇ ಕೂತು ಬಿಚ್ಚಿ ನೋಡಿದರೆ, ಯಾರದೋ ಮನೆಯ ಮಕ್ಕಳು ಆಡಿದ ಬರೀ ಆಟದ ಚಕೋರ. ಅದರಲ್ಲಿ ಆ ಚಿಪ್ಪಿನ ಜಾಗ ಖಾಲಿ.

ಚಿಪ್ ತಯಾರಿಸಿಕೊಟ್ಟಿದ್ದ ಕಾರ್ಖಾನೆಯ ನಿವೃತ್ತ ಮೇಲ್ವಿಚಾರಕನೊಬ್ಬನನ್ನು ಮಲ್ಲೇಶ್ವರದಲ್ಲಿ ಪತ್ತೆಹಚ್ಚಿದ. ಮುದುಕ ಖುಷಿಯಿಂದ ಕಾಫಿ ಕೊಟ್ಟು, ಕಾಮತರ ಸಿಟ್ಟನ್ನು ನೆನೆದು ನಕ್ಕು, ಅಚ್ಚುಗಳನ್ನು ಮುರಿದು ಹಾಕಿ ಮೂವತ್ತು ವರ್ಷವಾಯಿತು ಎಂದ.

ಉಳಿದದ್ದು ಒಂದೇ ದಾರಿ. ನಾಲ್ಕು ರೋಗಿಗಳಲ್ಲಿ ಮೊದಲನೆಯವನು ತೀರಿಕೊಂಡ ಮೇಲೆ ಮನೆಯವರು ಯಂತ್ರವನ್ನು ಗುಜರಿಗೆ ಹಾಕಿದ್ದರು. ಸಲೋಮಿ ಎರಡನೆಯವಳು. ಮೂರನೆಯದು ವಿಚಾರಣೆಯ ಸಾಕ್ಷಿಯಾಗಿ ಹೋಗಿ ಕಳೆದುಹೋಗಿತ್ತು. ನಾಲ್ಕನೆಯವನು ರಾಚಪ್ಪ, ಚಾಮರಾಜನಗರದ ಕಡೆಯ ಕರಿಕಲ್ಲು ಕ್ವಾರಿಯಲ್ಲಿ ಸಿಡಿಮದ್ದು ಸಿಡಿದು ಹತ್ತೊಂಬತ್ತಕ್ಕೇ ಕಣ್ಣು ಕಳೆದುಕೊಂಡವನು. ಯೋಜನೆ ನಿಂತಾಗ ಯಂತ್ರವನ್ನು ಹೊತ್ತುಕೊಂಡು ಊರಿಗೆ ಹೋದವನು ಮತ್ತೆ ಬಂದಿರಲಿಲ್ಲ. ಇಷ್ಟು ವರ್ಷ ಅದು ಕೆಟ್ಟು ಮೂಲೆ ಸೇರಿರುತ್ತದೆ, ಕೇಳಿದರೆ ಕೊಡುತ್ತಾರೆ. ಬಸ್ಸಿನಲ್ಲಿ ಕೂತ ಇಂದುಧರ ಹೀಗೇ ಲೆಕ್ಕ ಹಾಕಿದ್ದ.

ಚಾಮರಾಜನಗರದ ಬಸ್ ನಿಲ್ದಾಣದ ಹಿಂದೆ ಒಂದು ಟೀ ಅಂಗಡಿ. ಒಲೆಯ ಮುಂದೆ ರಾಚಪ್ಪನ ಮಗಳು ಮಾದೇವಿ. ಅಂಗಡಿಯ ಒಳಬದಿಯಲ್ಲಿ, ಬಾಗಿಲಿಗೆ ಎದುರಾಗಿ, ಅರವತ್ತೈದರ ಸುಮಾರಿನ ಒಣಕಲು ಮೈಯ ಒಬ್ಬ ಮನುಷ್ಯ ಕುರ್ಚಿಯಲ್ಲಿ ಕೂತಿದ್ದ. ಕಿವಿಯ ಹಿಂದಿನಿಂದ ತಂತಿಯೊಂದು ಇಳಿದು, ಮೇಲೆ ಕ್ಯಾಮೆರಾ ಕೂರಿಸಿದ್ದ ಪಕ್ಕದ ಬೂದು ಪೆಟ್ಟಿಗೆಗೆ ಹೋಗಿತ್ತು. ಪೆಟ್ಟಿಗೆಯ ಕೆಂಪು ದೀಪ ಉರಿಯುತ್ತಿತ್ತು.

ಇಂದುಧರ ಹೊಸ್ತಿಲಲ್ಲೇ ನಿಂತುಬಿಟ್ಟ.

"ಯಾರೋ ಬಾಗ್ಲಲ್ಲಿ ನಿಂತವ್ರ ಕಣವ್ವ," ಅಂದ ರಾಚಪ್ಪ ಮಗಳಿಗೆ. "ಎಡಗಡ ಹೆಗ್ಲಲ್ಲಿ ಚೀಲ ಅದ. ಬನ್ನಿ ಸಾ, ಒಳಕ್ ಬನ್ನಿ."

ಹೆಸರು ಹೇಳಿದ್ದೇ ತಡ, ರಾಚಪ್ಪ ಎದ್ದು ತಡಕಾಡಿ ಅವನ ಎರಡೂ ಕೈ ಹಿಡಿದುಕೊಂಡ. "ಇಂದುದರ್ ಸಾರಾ! ನಿಮ್ಮನ್ ನೆನೀದೇ ಇರ ದಿನ ಇಲ್ಲ. ಮಾದೇವಿ, ನನ್ಗ ನಿನ್ನ ಮೊಕ ತೋರ್ಸಿದ್ದು ಇವ್ರೇ ಕಣವ್ವ." ದೂರ ಎಂದು ಬರಲಾಗಲಿಲ್ಲವಂತೆ. ಊರಿನ ರೇಡಿಯೋ ರಿಪೇರಿಯವನು ವರ್ಷಕ್ಕೊಮ್ಮೆ ಧೂಳು ಹೊಡೆದು ಕೊಡುತ್ತಿದ್ದನಂತೆ. ಬೆಳಿಗ್ಗೆ ಎರಡು ತಾಸು ಮಾತ್ರ ಹಾಕಿಕೊಳ್ಳುತ್ತಾನಂತೆ. "ಮಗಳು ಒಲ ಹಚ್ಚದ್ನ ನೋಡ್ತಿನಿ. ನಡೂಕೆ ನಾಲ್ಕ್ ಚುಕ್ಕಿ ದಗ್ ಅಂತವ. ಅಲ್ಗ ಬೆಳಗಾಯ್ತು ನನ್ಗ."

ಇಂದುಧರ ಟೀ ಕುಡಿದ. ಕೇಳಬೇಕೆಂದುಕೊಂಡಿದ್ದನ್ನು ಕೇಳಲಿಲ್ಲ. ಏಳುವಾಗ ರಾಚಪ್ಪನೇ ಕೇಳಿದ: "ಆ ಟೀಚರಮ್ಮ ಒಬ್ರಿದ್ರಲ್ಲ ಸಾ, ಸಲೋಮಕ್ಕ. ಅವ್ರುದು ನಡೀತದಾ?"

ಸುಳ್ಳು ಹೇಳಬಹುದಿತ್ತು. ಅವತ್ತು ಅವನು ಸುಳ್ಳು ಹೇಳಲಿಲ್ಲ. ನಿಜ ಹೇಳಿ, ನಮಸ್ಕಾರ ಮಾಡಿ, ಬಸ್ಸು ಹತ್ತಿದ.

ಬಸ್ಸು ನಂಜನಗೂಡು ಮುಟ್ಟುವುದರೊಳಗೆ ಮಾದೇವಿಯ ಫೋನು ಬಂತು. "ಅಪ್ಪ ಮಾತಾಡ್ಬೇಕಂತ ಸಾ."

"ಸಾ, ನೀವು ಅದ್ಕೇ ಬಂದಿದ್ರಿ. ಕೇಳ್ನಿಲ್ಲ." ರಾಚಪ್ಪ ಉಸಿರೆಳೆದುಕೊಂಡ. "ಪೂರಾ ಕೊಡಕ ನನ್ ಕೈಲಾಗಲ್ಲ. ಹದ್ನೈದ್ ದಿನ ಅವ್ರಿಗ, ಹದ್ನೈದ್ ದಿನ ನನ್ಗ. ಹಂಗಾದ್ರ ಆದದಾ ಕೇಳಿ."

* * *

ಹಾಗೆ ಒಂದು ಚಿಪ್ಪು ಎರಡು ತಲೆಗಳ ನಡುವೆ ಓಡಾಡತೊಡಗಿತು. ಯಂತ್ರವನ್ನೇ ಹೊತ್ತೊಯ್ಯುವಂತಿರಲಿಲ್ಲ; ಒಬ್ಬೊಬ್ಬರ ಕಿಡಿಗಳ ನಕ್ಷೆ, ತಂತಿಯ ಅಳತೆ ಅವರವರ ಯಂತ್ರಕ್ಕೇ ಹೊಂದಿಸಿದ್ದಾಗಿತ್ತು. ಮಿಡಿತದ ಚಿಪ್ಪು ಮಾತ್ರ ಎರಡಕ್ಕೂ ಒಂದೇ. ಮೆತ್ತಗೆ ತೆಗೆದು ಹಾಕಲು ಬರುವಂತೆ ಇಂದುಧರ ಅದನ್ನೊಂದು ಪುಟ್ಟ ಹೊರಚೌಕಟ್ಟಿನಲ್ಲಿ ಕೂರಿಸಿದ. ಒಂದನೇ ತಾರೀಖು ಚಾಮರಾಜನಗರ, ಹದಿನಾರಕ್ಕೆ ಮೈಸೂರು. ಹತ್ತಿ ತುಂಬಿದ ಡಬ್ಬಿಯನ್ನು ಒಳಜೇಬಿನಲ್ಲಿಟ್ಟುಕೊಂಡು, ಅದರ ಮೇಲೆ ಅಂಗೈ ಇಟ್ಟುಕೊಂಡೇ ಅವನು ಪ್ರಯಾಣ ಮಾಡುತ್ತಿದ್ದ.

ಅವನು ಎಣಿಸಿರದ ಇನ್ನೊಂದು ಸಂಗತಿಯೂ ನಡೆಯಿತು. ಸಲೋಮಿ ಮತ್ತು ರಾಚಪ್ಪ ಫೋನಿನಲ್ಲಿ ಮಾತಾಡಲು ಶುರುಮಾಡಿದರು. ಮೊದಲು ಕೃತಜ್ಞತೆ ಹೇಳಲೆಂದು ಅವಳು ಮಾಡಿದ್ದು, ಆಮೇಲೆ ದಿನಾ.

"ನಿಮಗೆ ಮಳೆ ಹೇಗೆ ಕಾಣತ್ತೆ ರಾಚಪ್ಪನವರೇ?"

"ಮಳ ಕಾಣಲ್ಲ ಅಕ್ಕ. ಎಲ್ಲ ಚುಕ್ಕಿನೂ ಒಸಿ ಒಸಿ ಮಂಕಾಯ್ತವ, ಅಷ್ಟೇ. ನಿಮ್ಗ?"

"ನನಗೂ ಹಾಗೇ! ನಾನು ನನಗೊಬ್ಬಳಿಗೇ ಹಾಗೆ ಅಂದ್ಕೊಂಡಿದ್ದೆ."

ಪಕ್ಕದಲ್ಲಿ ಕೂತು ಕೇಳುತ್ತಿದ್ದ ಇಂದುಧರನಿಗೆ ಅವಳ ದನಿ ಇಪ್ಪತ್ತಮೂರು ವರ್ಷದವಳದ್ದಾಗಿ ಕೇಳಿಸಿತು. ನಲವತ್ತು ವರ್ಷ ಅವನು ಆ ಯಂತ್ರವನ್ನು ಕಾದಿದ್ದ, ಒಂದೊಂದು ಚುಕ್ಕಿಯ ಜಾಗ ಅವನಿಗೆ ಬಾಯಿಪಾಠ. ಆದರೆ ಆ ಚುಕ್ಕಿ ಹೇಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಎಂದೂ ಗೊತ್ತಾಗುವಂತೆಯೂ ಇರಲಿಲ್ಲ.

ಎಂಟು ತಿಂಗಳು ಹೀಗೆ ಸಾಗಿತು. ಒಂಬತ್ತನೆಯ ತಿಂಗಳು ಸಲೋಮಿಯ ಸರದಿ ಮುಗಿಯುವ ಹೊತ್ತಿಗೆ ಚುಕ್ಕಿಗಳು ಆಗೊಮ್ಮೆ ಈಗೊಮ್ಮೆ ನಡುಗತೊಡಗಿದವು. ಒಂದನೇ ತಾರೀಖು ಬೆಳಿಗ್ಗೆ ಅವನು ಚಿಪ್ಪನ್ನು ಬಿಚ್ಚಿಕೊಂಡು, ಚಾಮರಾಜನಗರದ ಬಸ್ಸು ಹತ್ತುವ ಮೊದಲು ನಫೀಸಾಳ ಬಳಿ ಹೋದ.

ಅವಳು ಅದನ್ನು ಅರ್ಧ ದಿನ ಪರೀಕ್ಷಿಸಿದಳು. ಬಿಸಿ ಮಾಡಿದಳು, ತಣ್ಣಗೆ ಮಾಡಿದಳು. ಕೊನೆಗೆ ಪರದೆಯನ್ನು ಅವನತ್ತ ತಿರುಗಿಸಿದಳು. ಮಿಡಿತದ ಗೆರೆ ಬಿಸಿಯೇರಿದಂತೆ ಓರೆಯಾಗುತ್ತಿತ್ತು.

"ಸುಮ್ನೆ ನಿಂತ್ಹೋಗತ್ತೆ, ತಲೆಗೇನೂ ಅಪಾಯ ಇಲ್ಲ. ಆದ್ರೆ ಇದರ ಆಯಸ್ಸು ಮುಗೀತು ಮೇಷ್ಟ್ರೇ. ಇಪ್ಪತ್ತು ಗಂಟೆ, ಹೆಚ್ಚು ಅಂದ್ರೆ ಮೂವತ್ತು. ಆಮೇಲೆ ಇಲ್ಲ."

ಇಪ್ಪತ್ತು ಗಂಟೆ. ಇಬ್ಬರೂ ಹಾಕಿಕೊಳ್ಳುವಂತೆ ದಿನಕ್ಕೆ ಎರಡು ಗಂಟೆಯಾದರೆ ಹತ್ತು ದಿನ.

ಸಂಶೋಧನಾಲಯದ ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಇಂದುಧರ ಡಬ್ಬಿ ಹಿಡಿದುಕೊಂಡು ನಿಂತ. ಸರದಿ ರಾಚಪ್ಪನದು. ಚಿಪ್ಪೂ ರಾಚಪ್ಪನದೇ. ಬಲಕ್ಕೆ ತಿರುಗಿದರೆ ಬಸ್ ನಿಲ್ದಾಣ. ಅವನ ಕಣ್ಣ ಮುಂದೆ ಬಂದದ್ದು ಮಾತ್ರ ಏಳು ತಿಂಗಳ ಕಾಲ ಗೋಡೆಯತ್ತ ಬೆರಳು ಚಾಚಿ "ಇಲ್ಲಿ, ಇಲ್ಲಿ" ಎನ್ನುತ್ತಿದ್ದ ಒಬ್ಬ ಹುಡುಗಿ. ಅವಳಿಗೆ ಕೊನೆಯ ಸಲ ಎಂದು ಹೇಳದೆಯೇ ಆ ಬೆಳಿಗ್ಗೆ ಅವನು ಚಿಪ್ಪನ್ನು ಕಿತ್ತು ತಂದಿದ್ದ.

ಅವನು ರಾಚಪ್ಪನಿಗೆ ಫೋನು ಮಾಡಿದ. "ರಾಚಪ್ಪ, ಚಿಪ್ಪು ಹೋಯ್ತು. ಈಗ ಲ್ಯಾಬಿನಲ್ಲಿ ನೋಡಿದ್ವಿ. ಸುಟ್ಟುಹೋಗಿದೆ."

ಆ ಕಡೆ ಲೋಟಗಳ ಸದ್ದು ಕೇಳಿಸಿತು. ಆಮೇಲೆ ರಾಚಪ್ಪ, "ನೀವೇನ್ ಮಾಡೀರಿ ಸಾ. ಅದ್ರ ರುಣ ಅಷ್ಟೇ ಇತ್ತು," ಅಂದ.

ಸಲೋಮಿಗೆ ಅವನು ಇನ್ನೊಂದು ಸುಳ್ಳು ಹೇಳಿದ. "ರಾಚಪ್ಪ ಮಗಳ ಜೊತೆ ಮಾದಪ್ಪನ ಬೆಟ್ಟಕ್ಕೆ ಹರಕೆಗೆ ಹೋಗಿದ್ದಾನೆ. ಬರೋದು ಹದಿನೈದು ದಿನ. ಅಲ್ಲೀವರೆಗೂ ನೀವೇ ಇಟ್ಕೊಳ್ಳಿ ಅಂದ. ಬೆಟ್ಟದಲ್ಲಿ ಫೋನು ಸಿಗಲ್ಲವಂತೆ."

"ಅಯ್ಯೋ, ಪಾಪ. ಎಷ್ಟು ದೊಡ್ಡ ಮನಸ್ಸು ಅವರದು," ಅಂದಳು ಸಲೋಮಿ. ಮುಖವೆಲ್ಲ ಅರಳಿತ್ತು. ಇಂದುಧರ ಚಿಪ್ಪನ್ನು ಯಂತ್ರಕ್ಕೆ ಕೂರಿಸಿದ.

ಹತ್ತು ದಿನ ಅವನು ದಿನವೂ ಬಂದ. ಅವಳು ಹಗುರಾಗಿದ್ದಳು. ಕ್ಯಾಮೆರಾದ ಹಿಡಿಯನ್ನು ಅತ್ತ ಇತ್ತ ತಿರುಗಿಸುತ್ತ ಬೀದಿಯನ್ನು ಅಳೆಯುತ್ತಿದ್ದಳು. ಚುಕ್ಕಿಗಳು ಆರದೆ ಉಳಿದ ಪ್ರತಿ ದಿನವೂ ಅವನಿಗೆ ಒಂದು ಕಡೆ ಸಮಾಧಾನ, ಒಂದು ಕಡೆ ಅದು ರಾಚಪ್ಪನ ದಿನ ಎಂಬ ಲೆಕ್ಕ.

ಹತ್ತನೆಯ ದಿನ ಬೆಳಿಗ್ಗೆ ಸಲೋಮಿ ಕಿಟಕಿಯ ಮುಂದಿದ್ದಾಗ ಅವಳ ಫೋನು ಹೊಡೆದುಕೊಂಡಿತು. ಸ್ಪೀಕರಿಗೆ ಹಾಕಿದಳು.

"ಅಕ್ಕ, ನಾನು ರಾಚಪ್ಪ."

"ರಾಚಪ್ಪನವರೇ! ಬೆಟ್ಟದಿಂದ ಯಾವಾಗ ಬಂದ್ರಿ?"

"ಯಾವ್ ಬೆಟ್ಟ ಅಕ್ಕ? ನಾನೆಲ್ಗೂ ಹೋಗ್ನಿಲ್ಲ. ಹತ್ತು ದಿನದಿಂದ ನಿಮ್ಗ ಫೋನ್ ಮಾಡ್ಬೇಕು ಅಂತ್ಲೇ ಇವ್ನಿ, ಧೈರ್ಯ ಬರ್ನಿಲ್ಲ. ನನ್ ಮಗಳು ಅಂದ್ಳು, ಅಪ್ಪ, ನಿನ್ಗ ಇಷ್ಟ್ ಸಂಕ್ಟ ಆದ್ರ ಆ ಅಕ್ಕನ್ಗ ಎಷ್ಟಾಗಿರ್ಬೇಕು, ಒಂದ್ ಮಾತು ಸಮಾದಾನ ಹೇಳು ಅಂತ." ಅವನು ಗಂಟಲು ಸರಿಮಾಡಿಕೊಂಡ. "ಅಳ್ಬೇಡಿ ಅಕ್ಕ. ನಲ್ವತ್ ವರ್ಸ ನೋಡುದ್ವಲ್ಲ. ಈಗ ಇಬ್ರೂ ಒಂದೇ ಆದ್ವು. ನಾನು ಇವ್ನಿ."

ಇಂದುಧರ ಕೈಯಲ್ಲಿದ್ದ ಕಾಫಿ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ಕೂತಿದ್ದ. ಸಲೋಮಿಯ ಮುಖ ಇನ್ನೂ ಬೀದಿಯ ಕಡೆಗಿತ್ತು. ಅದರ ಮೇಲಿನ ಬೆಳಕು ನಿಧಾನವಾಗಿ ಇಳಿಯುವುದನ್ನು ಅವನು ನೋಡಿದ.

"ರಾಚಪ್ಪನವರೇ," ಅಂದಳು, "ಆಮೇಲೆ ಮಾಡ್ತೀನಿ." ಫೋನು ಇಟ್ಟಳು. ಕೈ ಚಾಚಿ, ತಡಕಾಡದೆ, ನೇರವಾಗಿ ಯಂತ್ರದ ಗುಂಡಿ ಒತ್ತಿದಳು. ಕೆಂಪು ದೀಪ ಆರಿತು. ಕಿವಿಯ ಹಿಂದಿನ ತಂತಿಯನ್ನು ಕಿತ್ತು ಮೇಜಿನ ಮೇಲಿಟ್ಟಳು.

"ಸಲೋಮಿ, ಅದು ಹೇಗೂ ಸಾಯ್ತಿತ್ತು. ಇಪ್ಪತ್ತೇ ಗಂಟೆ ಉಳಿದಿದ್ದದ್ದು."

"ಅದು ಅವರ ಇಪ್ಪತ್ತು ಗಂಟೆ."

"ನಿಮಗೋಸ್ಕರ ಅಂತ..."

"ನನ್ನನ್ನ ಕೇಳಿದ್ರಾ?" ಅವಳು ದನಿಯೇರಿಸಲಿಲ್ಲ. "ನಾನು ಕುರುಡಿ ಅಂತ ಯಾವತ್ತೂ ನೀವು ನನಗೆ ಅನಿಸೋ ಹಾಗೆ ಮಾಡಿರಲಿಲ್ಲ ಇಂದುಧರ್. ಇವತ್ತು ಮಾಡಿದ್ರಿ. ಹತ್ತು ದಿನ ನನ್ನ ಎದುರಿಗೇ ಕೂತು ಮೋಸ ಮಾಡಿದ್ರಿ, ನನಗೆ ಕಾಣಲಿಲ್ಲ." ಪೆಟ್ಟಿಗೆಯನ್ನು ಅವನತ್ತ ತಳ್ಳಿ, "ಬಿಚ್ಚಿ ಅದನ್ನ. ಈಗಲೇ ತಗೊಂಡು ಹೋಗಿ. ಎಷ್ಟು ಉಳಿದಿದ್ಯೋ ಅಷ್ಟು ಅವರು ನೋಡ್ಲಿ. ನಿಜಾನೂ ನೀವೇ ಹೇಳಿ."

* * *

ಅವನು ಮಧ್ಯಾಹ್ನ ಎರಡಕ್ಕೆ ಚಾಮರಾಜನಗರ ಮುಟ್ಟಿದ. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಜೋಡಿಸಿಕೊಂಡದ್ದೆಲ್ಲ ಅಂಗಡಿಯ ಬಾಗಿಲಲ್ಲಿ ಮರೆತುಹೋಯಿತು. ಮಾತಾಡದೆ ಒಳಗೆ ಹೋಗಿ, ಪೆಟ್ಟಿಗೆಯ ಮುಚ್ಚಳ ತೆಗೆದು, ಮೊದಲು ಚಿಪ್ಪನ್ನು ಕೂರಿಸಿದ. ಅದು ಹೊತ್ತಿಕೊಂಡರೆ ಹೇಳುವುದು ಸುಲಭವಾಗುತ್ತದೆಂದು ಅವನ ಆಸೆ.

"ಸಾ? ನೀವಾ? ಹೊಸ್ದು ಸಿಕ್ತಾ?" ರಾಚಪ್ಪ ಆತುರದಿಂದ ತಾನೇ ಕಿವಿಯ ಹಿಂದೆ ತಂತಿ ಸಿಕ್ಕಿಸಿಕೊಂಡ. ಮಾದೇವಿ ಒಲೆ ಬಿಟ್ಟು ಬಂದು ಅಪ್ಪನ ಹಿಂದೆ ನಿಂತಳು.

ಇಂದುಧರ ಗುಂಡಿ ಒತ್ತಿದ. ಕೆಂಪು ದೀಪ ಹೊತ್ತಿಕೊಂಡಿತು. ರಾಚಪ್ಪ ಮುಖವನ್ನು ಬಾಗಿಲತ್ತ ತಿರುಗಿಸಿದ.

"ಬಂತಾ ರಾಚಪ್ಪ?"

"ಇಲ್ಲ ಸಾ."

ಮತ್ತೆ ತೆಗೆದು ಕೂರಿಸಿದ. ಚಿಪ್ಪಿನ ಕಾಲುಗಳನ್ನು ಒರೆಸಿದ. ಮಲ್ಟಿಮೀಟರು ಹಿಡಿದ. ಆರಿಸಿ, ತಣ್ಣಗಾಗಲು ಬಿಟ್ಟು, ಮತ್ತೆ ಹೊತ್ತಿಸಿದ. ಒಂದೂವರೆ ಗಂಟೆ ಕಳೆಯಿತು. ಟೀಗೆ ಬಂದವರನ್ನು ಮಾದೇವಿ ಕೈಸನ್ನೆಯಲ್ಲೇ ವಾಪಸು ಕಳಿಸಿದಳು.

"ಬಂತಾ?"

"ಇಲ್ಲ ಸಾ. ಬುಡಿ ಸಾ, ಸಾಕು."

ಇಂದುಧರ ಸ್ಕ್ರೂಡ್ರೈವರನ್ನು ಕೆಳಗಿಟ್ಟು, ನೆಲದ ಮೇಲೆ ಕೂತು, ಎಲ್ಲವನ್ನೂ ಹೇಳಿದ. ಹೊಂಗೆ ಮರದ ಕೆಳಗೆ ನಿಂತದ್ದು, ಎರಡು ಕಡೆ ಹೇಳಿದ ಎರಡು ಸುಳ್ಳು, ಬೆಳಿಗ್ಗೆ ಬಂದ ಫೋನು ಅವಳು ನೋಡುತ್ತಿದ್ದಾಗಲೇ ಬಂದದ್ದು. ಏನನ್ನೂ ಬಿಡಲಿಲ್ಲ.

ಮಾದೇವಿ ಸಿಟ್ಟಿನಿಂದ ಏನೋ ಹೇಳಹೊರಟಳು. ರಾಚಪ್ಪ ಕೈಯೆತ್ತಿ ಅವಳನ್ನು ತಡೆದ. ಅವನ ಕೈ ಹಾಗೇ ಗಾಳಿಯಲ್ಲಿ ಸ್ವಲ್ಪ ಹೊತ್ತು ಉಳಿದು, ಆಮೇಲೆ ತೊಡೆಯ ಮೇಲೆ ಬಿತ್ತು.

"ನನ್ಗ್ಯಾಕ್ ಸುಳ್ ಹೇಳುದ್ರಿ ಸಾ?" ಅಂದ. "ಕೊನೇದು, ಅಕ್ಕನ್ಗ ಇರ್ಲಿ ಅಂತ ಕೇಳಿದ್ರ, ನಾನು ಇಲ್ಲ ಅಂತಿದ್ನಾ?"

ಇಂದುಧರ ಖಾಲಿ ಡಬ್ಬಿಯ ಮುಚ್ಚಳ ಹಾಕಿದ.

"ಕೊಡ್ತಿದ್ದಿ ಸಾ. ನಾನೇ ಕೊಟ್ಟಿ ಅಂತ ಒಂದ್ ಸಮಾದಾನನಾದ್ರೂ ನನ್ಗ ಉಳೀತಿತ್ತು."

ಬೀದಿಯಲ್ಲಿ ಬಸ್ಸೊಂದು ಹಿಂದಕ್ಕೆ ತಿರುಗಿಕೊಳ್ಳುತ್ತಿತ್ತು. ರಾಚಪ್ಪ ಕಿವಿಯ ಹಿಂದಿನ ತಂತಿಯನ್ನು ಬಿಚ್ಚಿ, ಮಡಿಕೆ ಮಡಿಕೆಯಾಗಿ ಸುತ್ತಿ ಮಗಳ ಕೈಗೆ ಕೊಟ್ಟ. ಆಮೇಲೆ ಕೇಳಿದ:

"ಏನ್ ನೋಡುದ್ರಂತ ಸಾ, ಅಕ್ಕ? ಆ ಹತ್ತು ದಿನ?"

ಇಂದುಧರ ಬಾಯಿ ತೆರೆದ. ಹತ್ತು ದಿನ ಅವಳ ಪಕ್ಕದಲ್ಲೇ ಕೂತಿದ್ದ. ದೀಪವನ್ನು ನೋಡಿದ್ದ, ಗಡಿಯಾರವನ್ನು ನೋಡಿದ್ದ. ಏನು ಕಂಡಿತೆಂದು ಒಮ್ಮೆಯೂ ಕೇಳಿರಲಿಲ್ಲ.

"ಗೊತ್ತಿಲ್ಲ ರಾಚಪ್ಪ."

"ಫೋನ್ ಹಾಕ್ಕೊಡವ್ವ," ಅಂದ ರಾಚಪ್ಪ ಮಗಳಿಗೆ.

ಸಲೋಮಿ ಮೊದಲ ಗಂಟೆಗೇ ಎತ್ತಿಕೊಂಡಳು. ಚಿಪ್ಪು ಹೊತ್ತಿಕೊಳ್ಳಲಿಲ್ಲವೆಂದು ಅವನು ಹೇಳಿದಾಗ ಅವಳು ಅತ್ತಳು. ರಾಚಪ್ಪ ಅವಳು ಅಳುವಷ್ಟು ಹೊತ್ತೂ ಕಾದ. ತಪ್ಪಾಯಿತು ಎಂದು ಅವಳು ಹೇಳತೊಡಗಿದಾಗ ಮಾತ್ರ ತಡೆದ.

"ಅದ್ ಬುಡಿ ಅಕ್ಕ. ಏನ್ ನೋಡುದ್ರಿ ಅದ್ನ ಹೇಳಿ. ನನ್ ಪಾಲುದ್ದು ಅದು. ಒಂದ್ನೂ ಬುಡ್ದಂಗ ಹೇಳಿ."

ಸಲೋಮಿ ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಎದುರು ಮನೇಲಿ ಒಂದು ಮಗು ಇದೆ ರಾಚಪ್ಪನವರೇ," ಅಂದಳು ಸಲೋಮಿ. "ಇಷ್ಟು ದಿನ ನನಗೆ ಕಂಡಿರಲೇ ಇಲ್ಲ. ತಾಯಿ ಎತ್ಕೊಂಡಿದ್ರೆ ತಾಯಿ ಚುಕ್ಕಿ ಒಳಗೇ ಸೇರ್ಕೊಂಡಿರ್ತಿತ್ತಲ್ಲ. ಈಗ ನಡೆಯೋಕೆ ಕಲೀತಿದೆ. ಕಟ್ಟಕಡೇ ಸಾಲಲ್ಲಿ ಒಂದೇ ಒಂದು ಚುಕ್ಕಿ. ಮೂರನೇದು ಹೊತ್ಕೊಳ್ತು. ಆರಿತು. ನಾಲ್ಕನೇದು ಹೊತ್ಕೊಳ್ತು."

"ಬಿತ್ತಾ?"

"ಬಿತ್ತು. ಎಲ್ಲಾ ಕತ್ತಲು. ನಾನು ಹೆದರಿದೆ, ಚಿಪ್ಪೇ ಹೋಯ್ತೇನೋ ಅಂತ. ಮತ್ತೆ ನಾಲ್ಕನೇದೇ ಹೊತ್ಕೊಳ್ತು. ಎರಡು ಮೂರು ದಿನಕ್ಕೆ ಒಂದೊಂದು ಚುಕ್ಕಿ ಮುಂದೆ ಬರ್ತಿತ್ತು. ಇವತ್ತು ಬೆಳಿಗ್ಗೆ ಏಳನೇದಕ್ಕೆ ಬಂದಿತ್ತು. ಏಳಾದ ಮೇಲೆ ಎಂಟು, ಅಲ್ಲಿ ಅದರ ತಾಯಿ ಕೂತಿದ್ಳು."

"ಆಮೇಲೆ?" ರಾಚಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದ. ಅವನ ಬತ್ತಿದ ಕಣ್ಣುಗಳು ಬಾಗಿಲಿನತ್ತ, ಕೆಳಗೆ ಎಲ್ಲೋ ನೆಲದ ಅಂಚಿನತ್ತ ನೆಟ್ಟಿದ್ದವು. "ಆಮೇಲೇನಾಯ್ತು ಅಕ್ಕ?"

"ಆಮೇಲೆ ನೀವು ಫೋನ್ ಮಾಡಿದ್ರಿ," ಅಂದಳು ಸಲೋಮಿ. "ನಾನು ಆರಿಸ್ಬಿಟ್ಟೆ."